ನಾಲ್ಕನೆಯ ಎಲೆ

ನಾಗಮಣಿ ಹಿತ್ತಿಲಲ್ಲಿ ಕೂತು ಬಾಳೆಲೆ ಒರೆಸುತ್ತಿದ್ದಳು. ಮೂರು ಮುಗಿದಿದ್ದವು. ನಾಲ್ಕನೆಯದಕ್ಕೆ ಬಟ್ಟೆ ತಾಗಿಸುವಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ಅದನ್ನು ಕಸಿದುಕೊಂಡಳು.

"ಮೂರೇ ಸಾಕು ಕಣಮ್ಮಿ."

"ಅವರಿಗೆ ಬ್ಯಾಡ್ವಾ ಅತ್ತೆ?"

ಅತ್ತೆ ಮಹಾಲಕ್ಷ್ಮಮ್ಮ ಎಲೆಯನ್ನು ಉದ್ದಕ್ಕೆ ಸೀಳಿ ಹಸುವಿನ ಮುಂದೆ ಎಸೆದಳು.

ಅಂದು ಹಿರಿಯರ ಹಬ್ಬ. ಹರವೆ ಊರಿನ ಮನೆಮನೆಯಲ್ಲೂ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವ ದಿನ. ಈ ಮನೆಯಲ್ಲಿ ಮಾವನಿಗೆ, ಮಾವನ ಅಪ್ಪ ಅವ್ವನಿಗೆ ಎಲೆ ಬೀಳುತ್ತಿತ್ತು. ನಾಗಮಣಿಯ ಗಂಡ ಸೋಮೇಶನಿಗೆ ಮಾತ್ರ ಇಲ್ಲ.

ಸೋಮೇಶ ಕಾಶ್ಮೀರದ ಗಡಿಯಲ್ಲಿದ್ದ. ಮಗಳು ಪುಟ್ಟಿ ಇನ್ನೂ ಹೊಟ್ಟೆಯಲ್ಲಿದ್ದಾಗ, ಆಚೆಯಿಂದ ನುಸುಳಿದ ಉಗ್ರರನ್ನು ಹುಡುಕಿ ಹೊರಟ ಅವನ ತುಕಡಿಯ ಮೇಲೆ ಗುಂಡು ಹಾರಿತು. ಜೊತೆಯ ಇಬ್ಬರ ದೇಹ ಸಿಕ್ಕವು. ಇವನದು ಸಿಗಲಿಲ್ಲ. ಹೊಳೆ ಕೊಚ್ಚಿಕೊಂಡು ಹೋಗಿರಬೇಕು ಎಂದರು. ಬಹಳ ಕಾದು, ಕೊನೆಗೆ ಹುತಾತ್ಮ ಎಂದರು. ಬಸ್ಸು ನಿಲ್ಲುವ ಕಡೆ ಊರವರು ಅವನ ಹೆಸರಿನ ಕಮಾನು ಕಟ್ಟಿಸಿದರು.

ಮೊದಲ ವರ್ಷ ಅತ್ತೆ ಎದೆ ಬಡಿದುಕೊಂಡು ಅತ್ತಳು. ಆಮೇಲೆ ಒಂದು ದಿನ ಅಳು ನಿಂತಿತು, ಹರಕೆ ಶುರುವಾಯಿತು. ತಿಂಗಳಿಗೊಮ್ಮೆ ಗುಂಡ್ಲುಪೇಟೆಯ ಬಸ್ಸು ಹತ್ತಿ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರುವಳು. ಕೇಳಿದವರಿಗೆಲ್ಲ "ನನ್ ಮಗ ಬತ್ತನೆ" ಎನ್ನುವಳು. ಹೊರಡುವಾಗ ನಾಗಮಣಿ ಅತ್ತೆಗೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಡುವಳು. ಒಬ್ಬಳಿಗೆ ಅಷ್ಟು ಬೇಡವೆಂದರೂ ಅತ್ತೆ ಇನ್ನೊಂದು ಸೌಟು ಹಾಕಿಸಿಕೊಳ್ಳುವಳು. ಬರುವಾಗ ಡಬ್ಬಿ ಖಾಲಿ, ಮುಖ ಹಗುರ. ದೇವರು ಇಷ್ಟಾದರೂ ನೆಮ್ಮದಿ ಕೊಟ್ಟನಲ್ಲ ಎಂದು ನಾಗಮಣಿ ಕೈಮುಗಿಯುವಳು. ಹೋದ ವಾರ ಮೊದಲ ಸಲ ಪುಟ್ಟಿಯೂ ಅಜ್ಜಿಯ ಜೊತೆ ಹೋಗಿದ್ದಳು. ಬಂದವಳು ಅದೇಕೋ ಮೌನವಾಗಿದ್ದಳು. ಬಸ್ಸಿನ ಸುಸ್ತು ಎಂದಿದ್ದಳು ಅತ್ತೆ.

ಈ ವರ್ಷ ಮಾತ್ರ ನಾಲ್ಕನೆಯ ಎಲೆ ಬೀಳಲೇಬೇಕಿತ್ತು. ಸಂತೆಮರಹಳ್ಳಿಯ ಶಶಿಕುಮಾರ ನಾಗಮಣಿಯನ್ನು ಮದುವೆಗೆ ಕೇಳಿ ಕಳಿಸಿದ್ದ. ಪುಟ್ಟಿಯನ್ನೂ ಒಪ್ಪಿಕೊಂಡಿದ್ದ. ಮಾವನ ಅಣ್ಣ ಸೋಮಯ್ಯನೇ ಮುಂದೆ ನಿಂತು ಮಾತಾಡಿದ್ದ. ಅವನದು ಒಂದೇ ಮಾತು: "ಮೊದ್ಲು ಎಡೆ ಇಟ್ಟು ಸೋಮೇಶನ ಅಪ್ಪಣೆ ಕೇಳು ಕಣಮ್ಮಿ. ಆಮ್ಯಾಕೆ ನಾನೇ ಧಾರೆ ಮಾಡುಸ್ತೀನಿ."

ಎಡೆಯಿಲ್ಲದೆ ಮದುವೆಯಿಲ್ಲ.

ಬಿಸಿಲು ಏರುವಷ್ಟರಲ್ಲಿ ಸೋಮಯ್ಯ ಕುಂಟುತ್ತ ಬಂದ. ಎಪ್ಪತ್ತೊಂದರ ಯುದ್ಧ ಕೊಟ್ಟ ಕುಂಟು ಅದು. ಒಳಗೆ ಬಂದವನೇ ಎಲೆಗಳನ್ನು ನೋಡಿದ.

"ಏನವ್ವ, ಮೂರೇ?"

"ಎಣ ಕಂಡಿದ್ದೀರಾ ಬಾವ? ಕಾಣ್ದೆ ಎಂಗೆ ಎಡೆ ಇಕ್ಕದು?"

"ನನ್ ಪಕ್ಕದಲ್ಲಿದ್ದೋನ್ ಎಣಾನೂ ಸಿಗ್ನಿಲ್ಲ. ಅವ್ರ ಮನೇಲಿ ಇವತ್ಗೂ ಎಡೆ ಇಕ್ತರೆ. ದೇಶುಕ್ಕೆ ಜೀವ ಕೊಟ್ಟೋನ್ಗೆ ಈ ಮನೇಲಿ ಒಂದೆಲೆ ಅನ್ನ ಇಲ್ವಾ? ನಮ್ ವಂಶದಲ್ಲಿ ಬೆನ್ನು ತೋರ್ಸಿದೋನು ಒಬ್ಬನೂ ಇಲ್ಲ ಕಣವ್ವ!"

ಮಹಾಲಕ್ಷ್ಮಮ್ಮನ ಮುಖ ಬಿಳಿಚಿಕೊಂಡಿತು.

ನಾಗಮಣಿ ಅತ್ತೆಯ ಕೈ ಹಿಡಿದಳು. "ಇಷ್ಟು ವರ್ಷ ನಿಮ್ ಜೊತೆ ನಾನೂ ಕಾದೆ ಅತ್ತೆ. ನಂಗೂ ಒಂದು ದಾರಿ ಬುಡಿ."

"ಬುಟ್ರೆ ನನ್ ಮಗುನ್ನ ನಾನೇ ಕೊಂದಂಗಾಯ್ತದೆ."

ನಾಗಮಣಿ ಕೈ ಬಿಟ್ಟಳು. ಬಾಣಂತನದಲ್ಲಿ ಮಗುವಿನ ಹಾಗೆ ನೋಡಿಕೊಂಡಿದ್ದ ಅತ್ತೆ, ಮಗಳೇ ಎಂದು ತಲೆ ಸವರುತ್ತಿದ್ದ ಅತ್ತೆ. ಆದರೂ ಸತ್ತ ಮಗನ ಮೇಲಿನ ಆಸೆಗೆ ಬದುಕಿರುವ ಸೊಸೆಯನ್ನು ಕಟ್ಟಿಹಾಕುತ್ತಿದ್ದಾಳೆ. ನಂಬಿದವಳೇ ಹೀಗೆ ಮಾಡಿದರೆ ಯಾರನ್ನು ಕೇಳುವುದು? ನಾಗಮಣಿ ಹಿತ್ತಿಲಿಗೆ ಹೋಗಿ ಇನ್ನೊಂದು ಎಲೆ ಕುಯ್ದು ತಂದಳು.

ತೊಲೆಯ ಹತ್ತಿರ ಎತ್ತರದಲ್ಲಿ ತೂಗುತ್ತಿದ್ದ ಸೋಮೇಶನ ಫೋಟೊವನ್ನು ಸೋಮಯ್ಯನೇ ಇಳಿಸಿಕೊಟ್ಟ. ನಾಗಮಣಿ ಒಣಗಿದ ಹಾರ ತೆಗೆದು, ಹೊಗೆ ಹಿಡಿದ ಗಾಜು ಒರೆಸಿದಳು. ಅಪ್ಪನ ಫೋಟೊವನ್ನು ಪುಟ್ಟಿ ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಮೊಣಕಾಲೂರಿ ಬಗ್ಗಿದಳು. ಮತ್ತೆ ಬಗ್ಗಿದಳು. ಏನೋ ಹೇಳಲು ಬಾಯಿ ತೆರೆದಳು.

"ಪುಟ್ಟಿ, ಆಚ್ಗೋಗು! ಕೋಳಿ ಒಳುಕ್ ಬತ್ತಾವೆ, ಅಟ್ಟೋಗು," ಅಜ್ಜಿ ಗದರಿದಳು.

ಎಡೆಗೆ ಮುದ್ದೆ ಬಿತ್ತು, ಕೋಳಿಸಾರು ಬಿತ್ತು, ಕಜ್ಜಾಯ ಬಿತ್ತು. ನಾಗಮಣಿ ದೀಪ ಹಚ್ಚಿ, ಫೋಟೊದ ಮುಂದೆ ನೆಲಕ್ಕೆ ಹಣೆ ಹಚ್ಚಿದಳು. ಹೋಗಿಬನ್ನಿ, ನನ್ನನ್ನೂ ಕಳಿಸಿಕೊಡಿ ಎಂದಳು ಮನಸ್ಸಿನಲ್ಲೇ. ಮಹಾಲಕ್ಷ್ಮಮ್ಮ ಹೊಸಿಲು ದಾಟಿ ಒಳಗೆ ಬರಲಿಲ್ಲ.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಕಾದು, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಎಲ್ಲರೂ ಜಗಲಿಯಲ್ಲಿ ಕೂತರು. ನಾಗಮಣಿಯ ಮೈ ಹಗುರವಾಗಿತ್ತು. ಅತ್ತೆ ಕಂಬ ಹಿಡಿದು ನಿಂತಿದ್ದಳು. ಪಾಪ, ಹೆತ್ತ ಕರುಳು ಎಂದುಕೊಂಡಳು ನಾಗಮಣಿ. ಸಿಟ್ಟು ಇಳಿದಿತ್ತು.

ಪುಟ್ಟಿ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

"ತಾತ, ಒಳ್ಗೆ ಯಾರು ಉಣ್ತಾವ್ರೆ?"

"ಸತ್ತೋರು ಕಣಮ್ಮಿ."

"ಬದುಕಿರೋರು ಬರಲ್ವಾ?"

ಸೋಮಯ್ಯ ನಕ್ಕ. "ಬದುಕಿರೋರ್ಗೆ ಯಾರಾದ್ರೂ ಎಡೆ ಇಕ್ತಾರಾ?"

"ಪುಟ್ಟಿ, ಬಾ ಇಲ್ಲಿ," ಅಜ್ಜಿ ಕೈ ಚಾಚಿದಳು. ಪುಟ್ಟಿ ಆ ಕೈ ತಪ್ಪಿಸಿಕೊಂಡು ಬಂದು ತಾಯಿಯ ಸೆರಗು ಹಿಡಿದಳು.

"ಮತ್ತೆ ಹೋದ್ವಾರ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ನನ್ನ ಎತ್ಕೊಂಡು ಅತ್ತ ಮಾಮುಂಗೆ ಯಾಕವ್ವ ಎಡೆ ಇಟ್ಟೆ?"