ತುಳಜಾಬಾಯಿಯ ಭಾಗ್ಯ

ಸೆರಗಿನೊಳಗೆ ಸಾರಾಯಿ ಬಾಟಲಿ ಮುಚ್ಚಿಟ್ಟುಕೊಂಡು ಶೇವಂತಾಬಾಯಿ ಪಕ್ಕದ ಮನೆಯ ಹಿತ್ತಲ ಬಾಗಿಲು ದೂಡಿದಳು. ಒಳಗೆ ಯಾರೂ ಇರಲಿಲ್ಲ. ತುಳಜಾಬಾಯಿ ನೀರಿಗೆ ಹೋಗಿದ್ದಳು. ಅವಳ ಗಂಡ ವೈಜಿನಾಥ ಹುಮನಾಬಾದಿನಲ್ಲಿ, ತಾನು ಕೆಲಸ ಮಾಡುವ ತೊಗರಿ ಅಂಗಡಿಯಲ್ಲಿದ್ದ.

ಸಂಜೆ ಇದೇ ಮನೆಯಲ್ಲಿ ಚೈತ್ರದ ಅರಿಷಿಣ-ಕುಂಕುಮ. ಓಣಿಯ ಹೆಂಗಸರೆಲ್ಲ ಬರುತ್ತಾರೆ. ಪಾನಕದ ಲೋಟ ತೆಗೆಯಲು ಯಾರಾದರೂ ಅಡುಗೆಮನೆಯ ಗೂಡಿಗೆ ಕೈ ಹಾಕುತ್ತಾರೆ. ಬಾಟಲಿ ಕೈಗೆ ಸಿಗಬೇಕು. ಆಮೇಲೆ ತಾನೇನೂ ಮಾತಾಡಬೇಕಿಲ್ಲ. ಓಣಿಯೇ ಮಾತಾಡುತ್ತದೆ.

ಅದು ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿ. ಶೇವಂತಾಬಾಯಿಯ ಗಂಡ ನರಸಿಂಗ ಗೌಂಡಿ ಕೆಲಸದವನು. ಅವನು ಕಟ್ಟಿದ ಗೋಡೆ ಕೂದಲೆಳೆಯಷ್ಟೂ ಸೊಟ್ಟ ಇರುತ್ತಿರಲಿಲ್ಲ. ಹೊತ್ತು ಮುಳುಗಿದರೆ ಅದೇ ಕೈ ತನ್ನ ಮನೆಯ ಚಿಲಕ ಹುಡುಕಲಾರದು. ಬಾಗಿಲ ಮುಂದೆ ಬಿದ್ದನೆಂದರೆ ಬೆಳಗಿನ ತನಕ ಗೊರಕೆ. ಒಳಗೆ ಎಳೆದು ತರುವುದು, ವಾಂತಿ ತೊಳೆಯುವುದು, ಕೇಳಿದವರಿಗೆ ಜ್ವರ ಎಂದು ಸುಳ್ಳು ಹೇಳುವುದು ಅವಳ ಪಾಲು.

ಮೊದಮೊದಲು ಜನ ಅಯ್ಯೋ ಎಂದರು. ಆಮೇಲೆ ನಕ್ಕರು. ಆಮೇಲೆ ಅವಳು ಬಂದರೆ ನಲ್ಲಿಯ ಹತ್ತಿರ ಮಾತು ನಿಲ್ಲತೊಡಗಿತು. ಕೂಸಿನ ಬಾರಸಿ, ಬಸುರಿಯ ಕುಬಸ ಯಾವುದಕ್ಕೂ ಕರೆಯುವುದನ್ನು ಬಿಟ್ಟರು. ಬೇಮಳಖೇಡದ ಅಣ್ಣ, "ನೀ ಬಾ, ಅವನ್ನ ಕರಕೊಂಡು ಬರಬ್ಯಾಡ," ಎಂದ ಮೇಲೆ ತವರಿಗೆ ಹೋಗುವುದನ್ನು ಅವಳೇ ಬಿಟ್ಟಳು.

ಇದೆಲ್ಲ ಹೇಗೋ ನುಂಗಬಹುದಿತ್ತು, ಪಕ್ಕದಲ್ಲಿ ತುಳಜಾಬಾಯಿ ಇರದಿದ್ದರೆ.

ವೈಜಿನಾಥ ಬೀಡಿ ಕೂಡ ಮುಟ್ಟದ ಮನುಷ್ಯ. ಗುರುವಾರ ಮಾಣಿಕನಗರದಲ್ಲಿ ಭಜನೆಗೆ ಕೂರುತ್ತಿದ್ದ. ಓಣಿಯ ಮುದುಕಿಯರನ್ನೆಲ್ಲ "ಅವ್ವಾ" ಎಂದೇ ಮಾತಾಡಿಸುತ್ತಿದ್ದ. ಓಣಿಗೆಲ್ಲ ರೇಡಿಯೋ ಇದ್ದದ್ದು ಅವನ ಮನೆಯಲ್ಲಿ ಮಾತ್ರ. ಊಟದ ಹೊತ್ತು ಮುಗಿದ ಮೇಲೆ ಅದು ಜೋರಾಗಿ ಹಾಡುತ್ತಿತ್ತು. ವಾಂತಿಯ ವಾಸನೆಯ ನಡುವೆ ಕೂತ ಶೇವಂತಾಬಾಯಿ ಗೋಡೆಯಾಚೆಯ ಹಾಡು ಕೇಳುತ್ತ, ಗಂಡ ಹೆಂಡತಿ ಒಬ್ಬರನ್ನೊಬ್ಬರು ಒರಗಿ ಕೂತಿದ್ದಾರೆಂದು ಊಹಿಸಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ತುಳಜಾಬಾಯಿಯ ಬಟ್ಟೆಯೂ ಬೇರೆ. ಆ ಬಿಸಿಲಲ್ಲೂ ಮಣಿಕಟ್ಟಿನ ತನಕ ತೋಳಿನ ಕುಪ್ಪಸ. ಗಂಡ ಬಟ್ಟೆ ತಂದು ಹೊಲಿಸುತ್ತಾನೆ, ಮೆರೆಯುತ್ತಾಳೆ!

ಎಲ್ಲಕ್ಕಿಂತ ಚುಚ್ಚುತ್ತಿದ್ದದ್ದು ಅವಳು ಬಂದು ಕೂರುವುದು. ಬೇರೆ ಯಾರೂ ತುಳಿಯದ ಹೊಸ್ತಿಲಿಗೆ ದಿನಾ ಸಂಜೆ ಅವಳೊಬ್ಬಳು ಬರುತ್ತಿದ್ದಳು. ಕೇಳುವುದೂ ಬರೀ ನರಸಿಂಗನ ಸುದ್ದಿಯೇ.

"ಒಮ್ಮೆ ಮಲಗಿದ್ರ ನಡುವ ಏಳಾಂಗಿಲ್ಲೇನ್ರಿ ಅಕ್ಕಾ?"

"ಏಳಾಕ ಮೈಮ್ಯಾಲ ಎಚ್ಚರ ಇರಬೇಕಲ್ಲ."

"ನಿಮ್ಮ ಮನಿ ಭಾಳ ಶಾಂತ ಅದ ಬಿಡ್ರಿ."

ಎಂಥ ಕೊಂಕು! ಶೇವಂತಾಬಾಯಿ ಹಲ್ಲು ಕಚ್ಚುತ್ತಿದ್ದಳು. ಅಷ್ಟರಲ್ಲಿ ಹುಮನಾಬಾದ್ ಬಸ್ಸಿನ ಹಾರನ್ ಕೇಳಿಸುತ್ತಿತ್ತು. ತುಳಜಾಬಾಯಿ ಮಾತು ಅರ್ಧಕ್ಕೇ ಬಿಟ್ಟು, ಒಂದು ಚಪ್ಪಲಿ ಕಾಲಿಗೆ, ಒಂದು ಕೈಯಲ್ಲಿ, ಮನೆಗೆ ಓಡುತ್ತಿದ್ದಳು. ಗಂಡನ ಮುಖ ನೋಡಲು ಇಷ್ಟು ಅವಸರ! ತನಗೆ ಮಾತ್ರ ಗಂಡ ಬರುವ ಹೊತ್ತಾದರೆ ಬಾಗಿಲು ಮುಚ್ಚಿಬಿಡಬೇಕೆನಿಸುತ್ತದೆ.

ಹಿಂದಿನ ತಿಂಗಳು ಮಗಳು ಕಮಳಾಬಾಯಿಯನ್ನು ನೋಡಲು ಹುಮನಾಬಾದಿನಿಂದ ಬೀಗರು ಬಂದಿದ್ದರು. ಹುಡುಗಿ ಒಪ್ಪಿಗೆಯಾಗಿತ್ತು. ಚಹಾ ಕುಡಿಯುತ್ತಿದ್ದಾಗ ನರಸಿಂಗ ತೂರಾಡುತ್ತ ಬಂದು ಹುಡುಗನ ತಂದೆಯ ಕಾಲ ಮೇಲೇ ಬಿದ್ದ. ಅವರು ಲೋಟ ಕೆಳಗಿಟ್ಟು ಎದ್ದರು. ಎಂಟು ದಿನ ಕಳೆದಿರಲಿಲ್ಲ, ಅದೇ ಹುಡುಗ ವೈಜಿನಾಥನ ತಂಗಿಗೆ ನಿಶ್ಚಯವಾದ. ಇಂಥ ಒಳ್ಳೆಯ ಅಣ್ಣ ಇದ್ದ ಮನೆ ಎಂದರಂತೆ ಬೀಗರು.

ಕಮಳಾ ಅಳಲಿಲ್ಲ. "ಬಿಡವ್ವಾ, ನಮ್ಮ ಮನಿಗೆ ಯಾರು ಬರತಾರ?" ಎಂದಳು. ಆ ಮಾತು ತಾಯಿಯ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ನಿನ್ನೆ ತುಳಜಾಬಾಯಿ ತಾನೇ ಬಂದು ಅರಿಷಿಣ-ಕುಂಕುಮಕ್ಕೆ ಕರೆದು ಹೋದಳು. ಶೇವಂತಾಬಾಯಿಗೆ ಅದು ಭಿಕ್ಷೆ ಹಾಕಿದಂತೆ ಕಂಡಿತು. ಬೆಳಿಗ್ಗೆ ಗಂಡನ ಹಾಸಿಗೆಯ ಕೆಳಗೆ ತುಂಬಿದ ಬಾಟಲಿ ಸಿಕ್ಕಾಗ, ಮೊದಲ ಸಲ, ಅದನ್ನು ಮೋರಿಗೆ ಸುರಿಯಬೇಕೆನಿಸಲಿಲ್ಲ.

ಈಗ ಗೂಡಿನ ಮುಂದೆ ನಿಂತು ಲೋಟಗಳನ್ನು ಸರಿಸಿದಳು. ಬಾಟಲಿ ಇಡಬೇಕು, ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ಅಕ್ಕಾ?"

ಸೊಂಟದ ಮೇಲೆ ಕೊಡ ಹೊತ್ತು ತುಳಜಾಬಾಯಿ ನಿಂತಿದ್ದಳು. ಕಣ್ಣು ಬಾಟಲಿಯ ಮೇಲಿತ್ತು.

ಶೇವಂತಾಬಾಯಿ ಬಾಟಲಿಯನ್ನು ಸೆರಗಿನಡಿಗೆ ಎಳೆದುಕೊಂಡಳು. ಇಷ್ಟು ದಿನ ಕುಡುಕನ ಹೆಂಡತಿಯಾಗಿದ್ದಳು. ಇನ್ನು ಕಂಡವರ ಮನೆಗೆ ನುಗ್ಗಿದವಳೂ ಆಗುತ್ತಾಳೆ. ಕಮಳಾಳ ಮುಖ ಕಣ್ಣ ಮುಂದೆ ಬಂತು.

"ಹೊಟ್ಟೆಕಿಚ್ಚಿಗೆ ಬಂದೆ, ತುಳಜಾ. ನಿನ್ನ ಹೆಸರು ಕೆಡಿಸಾಕ ಬಂದಿದ್ದೆ. ಕಾಲು ಹಿಡೀತೀನಿ, ಯಾರ ಮುಂದೂ ಹೇಳಬ್ಯಾಡ."

ತುಳಜಾಬಾಯಿ ಕೊಡ ಇಳಿಸಿದಳು. ಹಿತ್ತಲ ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಶೇವಂತಾಬಾಯಿಯ ಕೈಯಿಂದ ಬಾಟಲಿ ತೆಗೆದುಕೊಂಡು, ಮುಚ್ಚಳ ಬಿಚ್ಚಿ ಮೂಸಿ, ಮುಖ ಹಿಂಡಿದಳು. ನೀರಲ್ಲಿ ನೆನೆದ ಕುಪ್ಪಸದ ತೋಳನ್ನು ಮೊಣಕೈ ತನಕ ಮೇಲೆ ಮಡಚಿದಳು. ಅಲ್ಲಿ ಹಳೆಯ ಬರೆಗಳ ಮೇಲೆ ಹೊಸ ಬರೆ ಎದ್ದಿತ್ತು. ಸುತ್ತಲೂ ಚರ್ಮ ನೀಲಿಗಟ್ಟಿತ್ತು.

"ಇದನ್ನ ಪಾನಕದಾಗ ಬೆರಸಿ ಕೊಟ್ರ ನಮ್ಮ ಮನಿಯವ್ರಿಗೆ ಗೊತ್ತಾಗತದೇನ್ರಿ ಅಕ್ಕಾ?" ಎಂದಳು ತುಳಜಾಬಾಯಿ. "ನಿಮ್ಮ ಮನಿಯವ್ರಂಗ ಬಿದ್ದಲ್ಲೇ ಬಿದ್ದಿರಲಿ. ಒಂದು ರಾತ್ರಿ ನಾನೂ ಮಲಗತೀನಿ."