ಬ್ಯಾಟರಿ ಕೊಡಿ

"ಒಂದೇ ಸ್ಕ್ರೂ ಕಣೇ. ಇಷ್ಟಕ್ಕೆಲ್ಲ ಬ್ಯಾಟರಿ ಯಾಕೆ ಬಿಚ್ಚೋದು?" ಎಂದು ಗಂಡ ತಲೆಯೆತ್ತದೆ ಸ್ಕ್ರೂಡ್ರೈವರಿಗೆ ಕೈಚಾಚಿದ. ಗಿರಾಕಿಯ ರಿಮೋಟ್ ಹೆಲಿಕಾಪ್ಟರಿನ ಮೇಲೆ ಬೆಳಗಿನಿಂದ ಬಾಗಿ ಬಾಗಿ ಅವನ ಸೊಂಟ ಬಿದ್ದುಹೋಗಿತ್ತು.

ಹೆಂಡತಿ ತನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೊಡಲಿಲ್ಲ. ಇನ್ನೊಂದು ಕೈಯ ಅಂಗೈಯನ್ನು ಅವನ ಮೂಗಿನ ಕೆಳಗೆ ಹಿಡಿದಳು. ಅದರ ತುಂಬ ಹೊಲಿಗೆಯ ಗುರುತು. ಹಿಂದೊಮ್ಮೆ ಇಂಥದೇ ಹೆಲಿಕಾಪ್ಟರನ್ನು ಅವಳು ಹಿಡಿದುಕೊಂಡಿದ್ದಾಗ ಬ್ಯಾಟರಿ ಬಿಚ್ಚದ ಅವನ ಅವಸರಕ್ಕೆ ರೆಕ್ಕೆ ಗಿರ್ರನೆ ತಿರುಗಿಬಿಟ್ಟಿತ್ತು. ಅದನ್ನು ಅವಳು ಒಂದು ದಿನವೂ ಎತ್ತಿ ಆಡಿರಲಿಲ್ಲ. ಅವನು ಕೆಲಸಕ್ಕೆ ಕೂತಾಗೆಲ್ಲ ಬಂದು ಹೀಗೆ ಕೈಯೊಡ್ಡುತ್ತಿದ್ದಳು, ಅಷ್ಟೇ.

"ಸಾಕಾಗಿ ಹೋಗಿದೆ ಕಣೇ ನಂಗೆ."

"ನಂಗೂ ಸಾಕಾಗಿದೆ. ಬ್ಯಾಟರಿ ಕೊಡಿ."

ಗೊಣಗುತ್ತಲೇ ಅವನು ಬ್ಯಾಟರಿ ಕಿತ್ತು ಆ ಅಂಗೈಯಲ್ಲಿಟ್ಟ. ಸ್ಕ್ರೂಡ್ರೈವರ್ ಇಸಿದುಕೊಂಡು ಬಾಗುವಾಗ ಮೊಣಕೈ ತಗುಲಿ, ಪಕ್ಕದಲ್ಲಿದ್ದ ರಿಮೋಟಿನಲ್ಲಿ ರೆಕ್ಕೆ ತಿರುಗಿಸುವ ಕಡ್ಡಿ ಪೂರ್ತಿ ಮೇಲಕ್ಕೆ ಸರಿಯಿತು. ಅವನ ಕೆನ್ನೆಯ ಪಕ್ಕದಲ್ಲೇ ಇದ್ದ ರೆಕ್ಕೆ ಅಲುಗಲಿಲ್ಲ.

ಇಬ್ಬರೂ ಆ ಕಡ್ಡಿಯನ್ನೇ ನೋಡಿದರು.

"ಕೈ ಇನ್ನೂ ನೋಯುತ್ತಾ?" ಇಷ್ಟು ದಿನಕ್ಕೆ ಮೊದಲ ಸಲ ಅವನು ಕೇಳಿದ.

"ನೀವು ಒಂದೇ ಸ್ಕ್ರೂ ಅಂದಾಗ."