ಮೂರನೇ ಮಹಡಿಯ ಹಾಲ್

ಹದಿನೇಳನೇ ಮೆಟ್ಟಿಲಿಗೆ ಅಪ್ಪ ನಿಂತ. ನಿಂತದ್ದು ಉಸಿರಿಗಾಗಿ, ಆದರೆ ಗೋಡೆಯನ್ನು ಉಗುರಿನಿಂದ ಕೆರೆದು, "ಬಣ್ಣ ಹೊಡೆಸಿ ಯಾವ ಕಾಲ ಆಯ್ತು ಸ್ವಾಮಿ?" ಎಂದು ಮುಂದೆ ಹತ್ತುತ್ತಿದ್ದ ಮದುವೆ ಹಾಲ್‌ನ ಮ್ಯಾನೇಜರನ್ನು ಕೇಳಿದ. ಹಿಂದಿದ್ದ ಮಗಳು ತಾನೂ ನಿಂತು, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವವಳಂತೆ ಬಗ್ಗಿದಳು. ನಾಟಕವಾಡುವುದರಲ್ಲಿ ಅಪ್ಪ, ಮಗಳು ಒಬ್ಬರಿಗಿಂತ ಒಬ್ಬರು ಮೇಲು.

"ಲಿಫ್ಟ್ ಇಲ್ಲ, ಅದಕ್ಕೇ ಬಾಡಿಗೆ ಇಷ್ಟು ಕಡಿಮೆ," ಎಂದ ಮ್ಯಾನೇಜರ್. "ಹತ್ತೋಕಾಗದ ಹಿರಿಯರಿದ್ರೆ ಕುರ್ಚೀಲಿ ಕೂರಿಸಿ ಎತ್ಕೊಂಡು ಬರೋಕೆ ಆಳುಗಳಿದಾರೆ. ಅವರ ಕೂಲಿ ಬೇರೆ. ಮೊದಲೇ ಬರೆಸಬೇಕು."

"ನಮ್ಮ ಕಡೆ ಅಂಥ ಮುದುಕರು ಯಾರೂ ಇಲ್ಲ ಬಿಡಿ," ಎಂದು ಅಪ್ಪ ನಕ್ಕ. ಆ ನಗು ಕೆಮ್ಮಾಗಿ, ಕೆಮ್ಮು ನಿಲ್ಲುವುದಕ್ಕೆ ಇನ್ನೊಂದು ಗೋಡೆಯನ್ನು ಪರೀಕ್ಷಿಸಬೇಕಾಯಿತು.

ಮೂವತ್ತೈದು ವರ್ಷ ಹತ್ತಿ ಹಿಂಜಿ ಹಾಸಿಗೆ ಹೊಲಿದವನು ಅವನು. ಯಾವ ಕೋಣೆ ಹೊಕ್ಕರೂ ಅದರಲ್ಲಿ ಎಷ್ಟು ಹಾಸಿಗೆ ಹಿಡಿಸೀತೆಂದು ಕಣ್ಣಲ್ಲೇ ಅಳೆಯುವ ಚಟ. ಹಾಲ್ ಒಳಗೆ ಕಾಲಿಟ್ಟವನೇ, "ಜೋಡಿ ಹಾಸಿಗೆ ಎಂಬತ್ತು ಆರಾಮಾಗಿ ಬೀಳುತ್ತೆ," ಎಂದ. ಅದೇ ಹತ್ತಿಯ ಧೂಳು ಈಗ ಅವನ ಎದೆಯಲ್ಲಿ ಮನೆ ಮಾಡಿತ್ತು. ಆಸ್ಪತ್ರೆಯ ಕಾಗದಗಳನ್ನು ಅವನು ತನ್ನ ದಿಂಬಿನೊಳಗಿಟ್ಟು ಹೊಲಿದುಬಿಟ್ಟಿದ್ದ. ಬೇರೆ ಯಾರ ಕಣ್ಣಿಗಾದರೂ ಮಣ್ಣೆರಚಬಹುದಿತ್ತು. ಹತ್ತು ವರ್ಷ ಪಕ್ಕದಲ್ಲೇ ಕೂತು ಹೊಲಿದ ಮಗಳ ಕಣ್ಣಿಗೆ ಹೇಗೆ? ಅಪ್ಪನ ಒತ್ತೊತ್ತು ಹೊಲಿಗೆಯ ನಡುವೆ ಗೇಣುದ್ದ ಅವಸರದ ಹೊಲಿಗೆ ಕಂಡದ್ದೇ ಬಿಚ್ಚಿದಳು, ಓದಿದಳು, ಡಾಕ್ಟರಿಗೆ ಫೋನ್ ಮಾಡಿದಳು. "ನಾಲ್ಕು ತಿಂಗಳು ಅಂತಿಟ್ಕೊಳಮ್ಮ," ಎಂದಿದ್ದರು ಅವರು. ಕಾಗದವನ್ನು ಒಳಗಿಟ್ಟು ಮತ್ತೆ ಹೊಲಿದಳು. ಅದಾಗಿ ಎರಡು ದಿನ. ಈಗ ಅವಳಿಗೆ ಒಂದೇ ಹಠ: ತನ್ನ ಮದುವೆಯಲ್ಲಿ ಅಪ್ಪ ಇರಬೇಕು. ಗಂಡಿನ ಕಡೆಯವರು ದಿನ, ಜಾಗ ಎರಡನ್ನೂ ಇವರಿಗೇ ಬಿಟ್ಟಿದ್ದರು.

ಮ್ಯಾನೇಜರ್ ದಪ್ಪನೆಯ ಪುಸ್ತಕ ಬಿಡಿಸಿದ. "ಮುಂದಿನ ತಿಂಗಳು ಒಂಬತ್ತನೇ ತಾರೀಕು ಖಾಲಿ ಇದೆ. ಅದು ಬಿಟ್ರೆ ಎಂಟು ತಿಂಗಳು ಕಾಯಬೇಕು. ಆಗ ಮದುವೆಗಳು ಕಡಿಮೆ, ಅರ್ಧ ಬಾಡಿಗೆಗೆ ಕೊಡ್ತೀವಿ."

"ಒಂಬತ್ತನೇ ತಾರೀಕು," ಎಂದಳು ಮಗಳು.

"ಎಂಟು ತಿಂಗಳು," ಎಂದ ಅಪ್ಪ, ಅದೇ ಉಸಿರಿಗೆ.

"ಮನೇಲೇ ಮಾತಾಡ್ಕೊಂಡು ಬರೋದಲ್ವಾ?" ಎನ್ನುತ್ತ ಮ್ಯಾನೇಜರ್ ಫೋನ್ ಹಿಡಿದು ಕಿಟಕಿಯತ್ತ ನಡೆದ.

"ಅರ್ಧ ಬಾಡಿಗೆ ಕಣೇ," ಅಪ್ಪ ದನಿ ತಗ್ಗಿಸಿದ. "ಅಷ್ಟರಲ್ಲಿ ಹಾಸ್ಟೆಲ್ಲಿನವರು ಹೇಳಿರೋ ಅರವತ್ತು ಹಾಸಿಗೇನೂ ಮುಗಿಸ್ತೀನಿ. ಗಂಡೇನು ಓಡಿಹೋಗ್ತಾನಾ?"

"ನಾನು ನಿನ್ನ ದಿಂಬು ಬಿಚ್ಚಿ ನೋಡ್ದೆ ಅಪ್ಪ."

ಅಪ್ಪ ಹತ್ತಿರದ ಕುರ್ಚಿಯಲ್ಲಿ ಕೂತ. "ಮತ್ತೆ ಹೊಲಿದಿದ್ದು ಗೊತ್ತೇ ಆಗ್ಲಿಲ್ಲ ನೋಡು. ಕೈ ಪಳಗಿದೆ ನಿಂಗೆ," ಎಂದ.

"ಹೊಗಳಬೇಡ!" ಎಂದಳು ಮಗಳು. "ನನ್ನ ಮದುವೆ ದಿನ ನೀನಿರಬೇಕು. ಅಷ್ಟೇ."

"ಒಂಬತ್ತಕ್ಕೆ ಮದುವೆ ಆದ್ರೆ ಹನ್ನೊಂದಕ್ಕೆ ನೀನು ರೈಲು ಹತ್ತಬೇಕು. ಗಂಡನ ಊರೇನು ಪಕ್ಕದಲ್ಲಿದೆಯಾ?"

"ಹೋಗಲ್ಲ. ನಿನ್ನ ಜೊತೇಲೇ ಇರ್ತೀನಿ."

"ಇರ್ತೀಯ, ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ." ಅಪ್ಪ ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಹೆಬ್ಬೆರಳನ್ನು ಒತ್ತಿಕೊಂಡ. "ಮದುವೆ ಒಂದು ದಿನ ಪುಟ್ಟಿ. ಅವತ್ತು ನಿನ್ನ ಸುತ್ತ ಇನ್ನೂರು ಜನ ಇರ್ತಾರೆ. ನಂಗೆ ಉಳಿದಿರೋದು ನೂರಿಪ್ಪತ್ತು ದಿನ. ನಿಮ್ಮಮ್ಮ ಹೋದ್ಮೇಲೆ ಆ ಮನೇಲಿ ನಿನ್ನ ಬಿಟ್ರೆ ನಂಗೆ ಯಾರಿದಾರೆ? ಆಸೆಬುರುಕ ಅಂತ ಬೇಕಾದ್ರೆ ಬೈದುಬಿಡು."

ಎರಡು ದಿನವೂ ಅವಳು ಯೋಚಿಸಿದ್ದು ಆ ಒಂದು ದಿನವನ್ನು. ತಾನು ರೈಲು ಹತ್ತಿದ ಮೇಲೆ, ಕೆಮ್ಮಿ ಎದ್ದವನಿಗೆ ಬೆನ್ನು ನೀವುವವರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ.

ಮ್ಯಾನೇಜರ್ ಬಂದು ಪೆನ್ನು ಹಿಡಿದ. "ಯಾವುದು ಬರ್ಕೊಳ್ಳಲಿ?"

"ಎಂಟು ತಿಂಗಳ ಮೇಲಿಂದು," ಎಂದಳು.

ಅವನು ಬರೆದ. ಅಪ್ಪ ಹಗುರಾಗಿ ಉಸಿರು ಬಿಟ್ಟು, ಅವಳ ಮುಖ ನೋಡದೆ ಬೆನ್ನು ಸವರಿದ.

"ಮೆಟ್ಟಿಲು ಹತ್ತೋಕಾಗದವರು?"

"ಹೇಳಿದ್ನಲ್ಲ, ಯಾರೂ ಇಲ್ಲ," ಎಂದ ಅಪ್ಪ.

"ಒಂದು ಕುರ್ಚಿ ಬರ್ಕೊಳ್ಳಿ," ಎಂದಳು ಮಗಳು. "ನಮ್ಮಪ್ಪನಿಗೆ."

"ಒಂದು ಕುರ್ಚಿಗೆ ಇಬ್ಬರು ಆಳು ಹಾಕ್ತೀವಿ."

"ಒಬ್ಬ ಸಾಕು ಸ್ವಾಮಿ," ಎಂದ ಅಪ್ಪ, ಹತ್ತಿ ವ್ಯಾಪಾರಿಯ ಜೊತೆ ಚೌಕಾಸಿ ಮಾಡುವ ದನಿಯಲ್ಲೇ. "ಫೋಟೋ ಇಟ್ಟ ಕುರ್ಚಿ ಹಗುರಾಗೇ ಇರುತ್ತೆ."